ತೆರೆಯ ಮೇಲೆ ಯುದ್ಧ, ನೋಡುವವರ ಎದೆಯಲ್ಲಿ ನಡುಕ

ಟಿ.ವಿ.ಯಲ್ಲಿ ಯುದ್ಧದ ದೃಶ್ಯ ನೋಡುತ್ತ ಕುಳಿತಾಗ ಅಂಗೈ ತಣ್ಣಗಾಗುತ್ತದೆ, ಎದೆ ಡವಡವ ಎನ್ನುತ್ತದೆ, ಬಾಯಿ ಒಣಗುತ್ತದೆ. ಆಮೇಲೆ ರಾತ್ರಿ ಬಹಳ ಹೊತ್ತು ನಿದ್ದೆ ಬರುವುದಿಲ್ಲ. ‘ಡಾಕ್ಟ್ರೇ, ಇದು ನರ ದೌರ್ಬಲ್ಯವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಬಹುಪಾಲು ಜನರಲ್ಲಿ ಇದು ಆರೋಗ್ಯವಂತ ದೇಹದ ಸಹಜ ಪ್ರತಿಕ್ರಿಯೆ. ಆದರೆ ಕೆಲವರಲ್ಲಿ ಇದು ಒಳಗೆ ಅಡಗಿರುವ ಹಳೆಯ ಗಾಯದ ಸೂಚನೆಯಾಗಿರಬಹುದು. ಈ ಎರಡನ್ನೂ ಬೇರೆ ಮಾಡಿ ತಿಳಿಯುವುದು ಹೇಗೆಂದು ಈ ವಾರ ನೋಡೋಣ.

ಇದಕ್ಕೆ ಒಳ್ಳೆಯ ಉದಾಹರಣೆ ‘ಮಾಸ್ಟರ್ಸ್ ಆಫ್ ದಿ ಏರ್’ ಎಂಬ ಒಂಬತ್ತು ಕಂತುಗಳ ಧಾರಾವಾಹಿ. ಸ್ಟೀವನ್ ಸ್ಪೀಲ್‌ಬರ್ಗ್ ಮತ್ತು ಟಾಮ್ ಹ್ಯಾಂಕ್ಸ್ ನಿರ್ಮಾಪಕರಲ್ಲಿ ಸೇರಿದ್ದ ಇದು 2024ರ ಜನವರಿಯಿಂದ ಮಾರ್ಚ್‌ವರೆಗೆ ಆಪಲ್ ಟಿವಿ ಪ್ಲಸ್‌ನಲ್ಲಿ ಬಂತು. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಥಾರ್ಪ್ ಆಬಟ್ಸ್ ನೆಲೆಯಿಂದ ಜರ್ಮನಿಯ ಮೇಲೆ ಬಾಂಬ್ ಹಾಕಲು ಹೋಗುತ್ತಿದ್ದ ಅಮೆರಿಕದ 100ನೇ ಬಾಂಬರ್ ತುಕಡಿಯ ಕಥೆ ಇದು. ಬಿ-17 ವಿಮಾನ, ಅದರಲ್ಲಿ ಹತ್ತು ಮಂದಿ, ಬಹುತೇಕ ಎಲ್ಲರೂ ಇಪ್ಪತ್ತರ ಆಸುಪಾಸಿನ ಹುಡುಗರು.

ನೋಡಿದವರ ಪ್ರತಿಕ್ರಿಯೆಗಳು ನಾನಾ ಬಗೆ. ಆಕಾಶದ ಕಾಳಗ ನೋಡುವಾಗ ಉಸಿರು ಬಿಗಿಹಿಡಿದು ಕುಳಿತೆವು ಎಂದವರು ಹಲವರು. ಮುಖವಾಡ ಹಾಕಿಕೊಂಡವರಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ ಎಂದು ಗೊಣಗಿದವರೂ ಇದ್ದಾರೆ. ‘ನಮ್ಮ ತಾತ ಯುದ್ಧದ ಬಗ್ಗೆ ಬಾಯಿಯೇ ಬಿಡಲಿಲ್ಲ, ಏಕೆಂದು ಈಗ ಅರ್ಥವಾಯಿತು’ ಎಂದು ಕಣ್ಣೀರಿಟ್ಟವರೂ ಉಂಟು.

ಆ ಮುಖವಾಡದ ಅಗತ್ಯ

ಮುಖವಾಡ ನಾಟಕದ ವೇಷವಲ್ಲ. ಹತ್ತು ಸಾವಿರ ಅಡಿಗಿಂತ ಮೇಲೆ ಹೋದಂತೆ ಗಾಳಿ ತೆಳುವಾಗಿ ಮೆದುಳಿಗೆ ಆಮ್ಲಜನಕ ಸಾಲದು. ಈ ವಿಮಾನಗಳು ಹಾರುತ್ತಿದ್ದುದು ಸುಮಾರು 25 ಸಾವಿರ ಅಡಿ ಎತ್ತರದಲ್ಲಿ. ಅಲ್ಲಿ ಆಮ್ಲಜನಕದ ಕೊಳವೆ ಕಳಚಿದರೆ ಕೆಲವೇ ನಿಮಿಷಗಳಲ್ಲಿ ಬುದ್ಧಿ ಮಂಕಾಗಿ ಎಚ್ಚರ ತಪ್ಪುತ್ತದೆ. ಅಪಾಯವೆಂದರೆ, ಹಾಗೆ ಮಂಕಾಗುತ್ತಿರುವುದು ಆ ಮನುಷ್ಯನಿಗೇ ತಿಳಿಯುವುದಿಲ್ಲ. ಜೊತೆಗೆ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಬರಿಗೈಯಲ್ಲಿ ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತು ಬರುತ್ತಿತ್ತು.

ದೇಹಕ್ಕೆ ತೆರೆಯ ಭೇದ ತಿಳಿಯದು

ಅಪಾಯವನ್ನು ಕಂಡೊಡನೆ ಮೆದುಳಿನಲ್ಲಿರುವ ಬಾದಾಮಿ ಆಕಾರದ ‘ಅಮಿಗ್ಡಲಾ’ ಎಂಬ ಭಾಗ ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ನಾಡಿ ವೇಗವಾಗುತ್ತದೆ, ರಕ್ತದ ಒತ್ತಡ ಏರುತ್ತದೆ, ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಕೈ ತಣ್ಣಗಾಗುತ್ತದೆ. ‘ಇದು ಬರೀ ನಾಟಕ’ ಎಂದು ಬುದ್ಧಿ ಹೇಳುವುದರೊಳಗೆ ಇಷ್ಟೂ ಆಗಿಹೋಗಿರುತ್ತದೆ. ದೃಶ್ಯ ಮುಗಿದ ಸ್ವಲ್ಪ ಹೊತ್ತಿಗೆ ಎಲ್ಲವೂ ತಾನಾಗಿ ಇಳಿಯುತ್ತದೆ.

ಕೆಲವರಿಗೆ ಹೊಟ್ಟೆಯೂ ತೊಳಸುತ್ತದೆ. ದೊಡ್ಡ ತೆರೆಯ ಮೇಲೆ ವಿಮಾನ ಓಲಾಡಿದಾಗ ‘ನಾನು ಚಲಿಸುತ್ತಿದ್ದೇನೆ’ ಎಂದು ಕಣ್ಣು ಹೇಳುತ್ತದೆ. ‘ಇಲ್ಲ, ಕುರ್ಚಿಯಲ್ಲೇ ಇದ್ದೇನೆ’ ಎಂದು ಒಳಕಿವಿ ಹೇಳುತ್ತದೆ. ಈ ತಕರಾರೇ ವಾಕರಿಕೆಗೆ ಕಾರಣ. ವಿಮಾನದೊಳಗೆ ಕುಳಿತು ನಕ್ಷೆ ನೋಡುವವನಿಗೆ ಇದೇ ತಕರಾರು ತಿರುಗುಮುರುಗಾಗಿ ಬರುತ್ತದೆ. ಈ ಕಥೆಯ ನ್ಯಾವಿಗೇಟರ್ ಹ್ಯಾರಿ ಕ್ರಾಸ್ಬಿ ನಿಜ ಜೀವನದಲ್ಲೂ ವಾಂತಿಯಿಂದ ಬಳಲಿದವರು. ಮುಂದೆ ಅವರೇ ಇಡೀ ತುಕಡಿಯ ಮುಖ್ಯ ನ್ಯಾವಿಗೇಟರ್ ಆದರು.

ಹೃದ್ರೋಗಿಗಳು ಮಾತ್ರ ಎಚ್ಚರ ವಹಿಸಬೇಕು. 2006ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಜರ್ಮನಿ ತಂಡ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟು ಹೆಚ್ಚಿದ್ದವೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಮೊದಲೇ ಹೃದ್ರೋಗ ಇದ್ದವರಿಗೆ ಅಪಾಯ ಹೆಚ್ಚಾಗಿತ್ತು. ಸುಮ್ಮನೆ ಕುಳಿತು ಆಟ ನೋಡುವುದೂ ದೇಹಕ್ಕೆ ಶ್ರಮವೇ.

ಭಯ ಹೇಡಿತನವಲ್ಲ

ಈ ವಿಮಾನಗಳಲ್ಲಿ ಹಾರಿದವರ ಮನಸ್ಸಿನ ಕಥೆಯನ್ನೂ ತಿಳಿಯಬೇಕು. 1943ರಲ್ಲಿ ಅಮೆರಿಕದ ಹುಡುಗರಿಗೆ 25 ದಾಳಿ ಮುಗಿದರೆ ಬಿಡುಗಡೆ. ಆ ಲೆಕ್ಕ ಮುಟ್ಟಿದವರು ಕಡಿಮೆ. 1943ರ ಅಕ್ಟೋಬರ್ 10ರಂದು ಮ್ಯೂನ್‌ಸ್ಟರ್ ದಾಳಿಗೆ ಹೋದ 100ನೇ ತುಕಡಿಯ ವಿಮಾನಗಳಲ್ಲಿ ನೆಲೆಗೆ ಮರಳಿದ್ದು ಒಂದೇ ಒಂದು. ಬ್ರಿಟನ್ನಿನ ಬಾಂಬರ್ ಪಡೆಯಲ್ಲಿ ಸುಮಾರು 1,25,000 ಮಂದಿ ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತರು.

ಇಂಥ ಸ್ಥಿತಿಯಲ್ಲಿ ಕೈ ನಡುಗುವುದು, ಊಟ ಸೇರದಿರುವುದು, ನಿದ್ದೆಯಲ್ಲಿ ಕಿರುಚುವುದು ಸಾಮಾನ್ಯವಾಗಿತ್ತು. ಅಮೆರಿಕದವರು ದಣಿದ ಹುಡುಗರನ್ನು ಹಳ್ಳಿಗಾಡಿನ ದೊಡ್ಡ ಮನೆಗಳಲ್ಲಿ ಕೆಲವು ದಿನ ವಿಶ್ರಾಂತಿಗೆ ಇಡುತ್ತಿದ್ದರು. ಧಾರಾವಾಹಿಯಲ್ಲೂ ಅದು ಬರುತ್ತದೆ. ಬ್ರಿಟಿಷ್ ವಾಯುಪಡೆ ಮಾತ್ರ ಇನ್ನು ಹಾರಲಾರೆ ಎಂದ ಹಲವರಿಗೆ ‘ನೈತಿಕ ಸ್ಥೈರ್ಯದ ಕೊರತೆ’ ಎಂಬ ಹಣೆಪಟ್ಟಿ ಹಚ್ಚಿ, ಹಾರಾಟದ ಬಿಲ್ಲೆ ಕಿತ್ತುಕೊಂಡು ಕಳಿಸಿತು. ಅವರಲ್ಲಿ ಎಷ್ಟೋ ದಾಳಿಗಳಿಗೆ ಹೋಗಿ ಬಂದವರೂ ಇದ್ದರು. ಈ ಮನೋವ್ಯಾಧಿಗೆ ‘ಪಿ.ಟಿ.ಎಸ್.ಡಿ.’ ಎಂಬ ಹೆಸರಿಟ್ಟು ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಷ್ಟರಲ್ಲಿ ಆ ಹುಡುಗರಲ್ಲಿ ಬದುಕುಳಿದವರು ಅರವತ್ತರ ಹತ್ತಿರ ಬಂದಿದ್ದರು.

ಹಳೆಯ ಗಾಯ ಬಾಯಿ ಬಿಟ್ಟಾಗ

ಅದೇ ಸ್ಪೀಲ್‌ಬರ್ಗ್ 1998ರಲ್ಲಿ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರ ಮಾಡಿದಾಗ, ಅದನ್ನು ನೋಡಿ ಹಳೆಯ ಸೈನಿಕರು ಕಂಗೆಟ್ಟರು. ಅಮೆರಿಕದ ಮಾಜಿ ಸೈನಿಕರ ಇಲಾಖೆ ಅವರಿಗಾಗಿ ದೂರವಾಣಿ ಸಹಾಯವಾಣಿಯನ್ನೇ ತೆರೆಯಬೇಕಾಯಿತು. ಐವತ್ತು ವರ್ಷ ಸುಮ್ಮನಿದ್ದ ನೆನಪು ಒಂದು ಶಬ್ದಕ್ಕೆ, ಒಂದು ಬೆಂಕಿಯ ದೃಶ್ಯಕ್ಕೆ ಎದ್ದು ಬರಬಲ್ಲದು.

ಹೀಗಾಗಲು ಸೈನಿಕರೇ ಆಗಿರಬೇಕೆಂದಿಲ್ಲ. ಬಸ್ ಅಪಘಾತದಲ್ಲಿ ಬದುಕುಳಿದವರು, ಬೆಂಕಿಯಲ್ಲಿ ಮನೆಯವರನ್ನು ಕಳೆದುಕೊಂಡವರು ನಿಮ್ಮ ಪಕ್ಕದಲ್ಲೇ ಟಿ.ವಿ. ನೋಡುತ್ತ ಕುಳಿತಿರಬಹುದು. ಉರಿಯುವ ವಿಮಾನ ಕಂಡು ಅಜ್ಜ ಎದ್ದು ಹೊರಗೆ ಹೋದರೆ ‘ಇಷ್ಟಕ್ಕೆಲ್ಲ ಹೆದರುತ್ತೀರಾ?’ ಎಂದು ನಗಬೇಡಿ. ಟಿ.ವಿ. ಆರಿಸಿ, ಹತ್ತಿರ ಹೋಗಿ ಕುಳಿತುಕೊಳ್ಳಿ. ಅವರು ಮಾತಾಡಿದರೆ ಕೇಳಿ, ಒತ್ತಾಯಿಸಿ ಮಾತಾಡಿಸಬೇಡಿ.

ಏನು ಮಾಡಬೇಕು?

* ಮಲಗುವುದಕ್ಕೆ ಒಂದು ಗಂಟೆ ಮೊದಲೇ ಇಂಥ ಕಾರ್ಯಕ್ರಮ ಮುಗಿಸಿ. ಒಂದೇ ಕೂತಿಗೆ ನಾಲ್ಕಾರು ಕಂತು ನೋಡಬೇಡಿ.
* ದೀಪ ಹಾಕಿಕೊಂಡು, ತೆರೆಯಿಂದ ದೂರ ಕುಳಿತು ನೋಡಿ. ತಲೆ ಸುತ್ತಿದರೆ ದೃಷ್ಟಿಯನ್ನು ಗೋಡೆಯ ಮೇಲೆ ನಿಲ್ಲಿಸಿ.
* ಎದೆ ಹೊಡೆದುಕೊಂಡರೆ ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡಿ. ಐದು ನಿಮಿಷ ಓಡಾಡಿ ಬನ್ನಿ.
* ಚಿಕ್ಕ ಮಕ್ಕಳಿಗೆ ಇಂಥವನ್ನು ತೋರಿಸಬೇಡಿ.
* ರಕ್ತದೊತ್ತಡ, ಹೃದ್ರೋಗ ಇರುವವರು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಎದೆಯಲ್ಲಿ ಒತ್ತಿದಂತೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆ ಬೆವರು ಬಂದರೆ ‘ಧಾರಾವಾಹಿ ನೋಡಿ ಹೀಗಾಯಿತು’ ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.
* ನಿದ್ದೆಗೆಂದು ಮದ್ಯಕ್ಕಾಗಲಿ, ಅಂಗಡಿಯಿಂದ ತಂದ ನಿದ್ದೆ ಮಾತ್ರೆಗಾಗಲಿ ಶರಣಾಗಬೇಡಿ.

ನಡುಕ, ನಿದ್ದೆಗೇಡು ಎರಡು ಮೂರು ದಿನದಲ್ಲಿ ಇಳಿದರೆ ಚಿಂತೆಯಿಲ್ಲ. ಹಳೆಯ ಘಟನೆಯ ಕೆಟ್ಟ ಕನಸು ಮರಳಿ ಮರಳಿ ಬರುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರೆ, ಆ ನೆನಪು ತರುವ ಜಾಗ, ಜನರನ್ನು ತಪ್ಪಿಸಿಕೊಳ್ಳುತ್ತಿದ್ದರೆ, ಇದು ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬಾರದು. ಮಾತಿನ ಚಿಕಿತ್ಸೆಯಿಂದಲೂ ಅಗತ್ಯವಿದ್ದರೆ ಮಾತ್ರೆಗಳಿಂದಲೂ ಬಹಳ ಮಂದಿ ಸುಧಾರಿಸುತ್ತಾರೆ. ವೈದ್ಯರು ದೂರವಿದ್ದರೆ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮಗೆ ಬೇಡವಾದರೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಮತ್ತೊಬ್ಬರಿಗೆ ಬೇಕಾಗಬಹುದು.