ವಿಶ್ವವಿದ್ಯಾನಿಲಯದ ಬಾಗಿಲುಗಳೂ ಹೆತ್ತವರ ಕೀಲಿಕೈಯೂ

ದೂರದ ಊರಿನ ಕಾಲೇಜಿಗೆ ಮಗನನ್ನು ಕಳುಹಿಸುವಾಗ ತಗಡಿನ ಪೆಟ್ಟಿಗೆಯೊಂದನ್ನು ಕೊಡಿಸುವುದು ನಮ್ಮ ಮನೆಗಳಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಪೆಟ್ಟಿಗೆಯ ಬೀಗಕ್ಕೆ ಎರಡು ಕೀಲಿಕೈಗಳಿರುತ್ತಿದ್ದುವು. ಒಂದು ಮಗನ ಜೇಬನ್ನು ಸೇರುತ್ತಿತ್ತು. ಇನ್ನೊಂದು ತಾಯಿಯ ಸಾಸಿವೆ ಡಬ್ಬಿಯಲ್ಲಿ ಉಳಿಯುತ್ತಿತ್ತು. ಇಂದು ಅಮೆರಿಕದ ವಿಶ್ವವಿದ್ಯಾನಿಲಯಕ್ಕೆ ಮಗಳನ್ನು ಕಳುಹಿಸುವ ಧಾರವಾಡದ ಇಲ್ಲವೆ ಮೈಸೂರಿನ ತಾಯಿತಂದೆಗಳು ಅದೇ ವಾಡಿಕೆಯಂತೆ, "ನಿನ್ನ ಪಾಸ್‌ವರ್ಡನ್ನು ನಮಗೂ ಬರೆದುಕೊಟ್ಟು ಹೋಗು" ಎಂದು ಕೇಳುವುದುಂಟು. ಕೇಳುವುದರಲ್ಲಿ ಪ್ರೀತಿಯಿದೆ, ಕಳವಳವಿದೆ. ಶುಲ್ಕವನ್ನು ಕಟ್ಟುವವರೂ ಅವರೇ. ಆದರೂ ಈ ಬೀಗಕ್ಕೆ ಎರಡನೆಯ ಕೀಲಿಕೈ ಕೂಡದೆಂಬುದು ವಿಶ್ವವಿದ್ಯಾನಿಲಯಗಳ ಸಾಮಾನ್ಯ ನಿಯಮ. ಏಕೆ? ಹಾಗಾದರೆ ಹೆತ್ತವರಿಗೆ ಬೇರೆ ದಾರಿಯೇ ಇಲ್ಲವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಒಂದು ಹೆಸರು, ಹಲವು ಬಾಗಿಲು

ಪ್ರವೇಶ ದೊರೆತೊಡನೆ ವಿದ್ಯಾರ್ಥಿಗೆ ಬಳಕೆಯ ಹೆಸರೊಂದು ದೊರೆಯುವುದು. ಅದಕ್ಕೆ ತಕ್ಕ ಪಾಸ್‌ವರ್ಡನ್ನು, ಎಂದರೆ ಗುಪ್ತಪದವನ್ನು, ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಈ ಒಂದು ಜೋಡಿಯಿಂದ ಅಂಚೆಯೂ ಪಾಠಗಳೂ ಗ್ರಂಥಭಂಡಾರದ ಪತ್ರಿಕೆಗಳೂ ಅಂಕಪಟ್ಟಿಯೂ ಶುಲ್ಕದ ಲೆಕ್ಕವೂ ತೆರೆದುಕೊಳ್ಳುವುವು. ಅನೇಕ ಕಡೆ ಆರೋಗ್ಯಕೇಂದ್ರದ ದಾಖಲೆಯೂ ಅದರಿಂದಲೇ ತೆರೆಯುವುದು. ಆದುದರಿಂದ ಶುಲ್ಕದ ರಸೀದಿಯನ್ನು ನೋಡಲೆಂದು ತಂದೆಗೆ ಕೊಟ್ಟ ಗುಪ್ತಪದ, ಮಗಳು ವೈದ್ಯರಿಗೆ ಹೇಳಿಕೊಂಡ ಮಾತನ್ನೂ ತೆರೆದು ತೋರಿಸಬಲ್ಲುದು. ಇಷ್ಟೇ ಅಲ್ಲ; ಉತ್ತರಗಳನ್ನು ಒಪ್ಪಿಸುವಾಗ ಈ ಖಾತೆಯೇ ವಿದ್ಯಾರ್ಥಿಯ ಸಹಿ. ಒಂದೇ ಸಹಿಯನ್ನು ಇಬ್ಬರು ಹಾಕಬಲ್ಲರಾದರೆ ಅದಕ್ಕೆ ಬೆಲೆ ಎಲ್ಲಿ?

ಗುಪ್ತಪದದ ಕಥೆ

ಆರಂಭದ ಗಣಕಯಂತ್ರಗಳು ಒಂದು ಸಲಕ್ಕೆ ಒಬ್ಬರ ಕೆಲಸವನ್ನಷ್ಟೇ ಮಾಡುತ್ತಿದ್ದುವು. ೧೯೬೧ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು, ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ರಚಿಸಿ ತೋರಿಸಿದರು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದೆಂದು ಅದರಲ್ಲಿ ಗುಪ್ತಪದ ಬಂದಿತು. ಅದನ್ನು ಮೀರಲು ಬಹುಕಾಲ ಹಿಡಿಯಲಿಲ್ಲ. ಅಲನ್ ಷೆರ್ ಎಂಬ ಸಂಶೋಧಕ ವಿದ್ಯಾರ್ಥಿ, ತನಗೆ ಗೊತ್ತುಮಾಡಿದ್ದ ಯಂತ್ರಕಾಲ ಸಾಲದೆ, ೧೯೬೨ರಲ್ಲಿ ಗುಪ್ತಪದಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡು ಇತರರ ಹೆಸರಿನಲ್ಲಿ ಯಂತ್ರವನ್ನು ಬಳಸಿದನು. ಪದಗಳನ್ನು ಇದ್ದಂತೆಯೇ ಬರೆದಿಡುವುದು ಎಷ್ಟು ಅಪಾಯವೆಂಬುದು ಇದರಿಂದ ತಿಳಿಯುವುದು.

ಇಂದಿನ ಸುಸಜ್ಜಿತ ವ್ಯವಸ್ಥೆಗಳು ಗುಪ್ತಪದವನ್ನು ಇಟ್ಟುಕೊಳ್ಳುವುದೇ ಇಲ್ಲ. ಅಕ್ಕಿಯನ್ನು ಬೀಸಿದರೆ ಹಿಟ್ಟಾಗುವುದು. ಹಿಟ್ಟಿನಿಂದ ಅಕ್ಕಿ ಮರಳಿ ಬಾರದು. ಅದರಂತೆ ಗಣಿತದ ಬೀಸುಕಲ್ಲೊಂದು ಗುಪ್ತಪದವನ್ನು ಬೀಸಿ ಬೇರೊಂದು ಸಂಖ್ಯೆಯನ್ನಾಗಿ ಮಾಡುವುದು. ಆ ಸಂಖ್ಯೆಯೊಂದೇ ಉಳಿಯುವುದು. ನಾವು ಮತ್ತೆ ಪದವನ್ನು ಕೊಟ್ಟಾಗ ಯಂತ್ರ ಅದನ್ನು ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸುವುದು. ಇಬ್ಬರು ಒಂದೇ ಪದವನ್ನು ಆರಿಸಿದರೂ ಹಿಟ್ಟು ಒಂದೇ ಆಗದಿರಲೆಂದು, ಬೀಸುವ ಮುನ್ನ ಒಬ್ಬೊಬ್ಬರ ಪದಕ್ಕೂ ಬೇರೆಬೇರೆ ಅಂಕೆಗಳನ್ನು ಬೆರೆಸುವರು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ೧೯೭೯ರ ಲೇಖನದಲ್ಲಿ ಇದನ್ನು ವಿವರಿಸಿ, ಆ ಬೆರಕೆಗೆ 'ಉಪ್ಪು' ಎಂದೇ ಹೆಸರು ಕೊಟ್ಟರು. ಗುಪ್ತಪದ ಮರೆತಾಗ ವಿಶ್ವವಿದ್ಯಾನಿಲಯದವರು ಹೊಸದನ್ನು ಮಾಡಿಕೊಳ್ಳಿರೆಂದು ಹೇಳುವರೇ ಹೊರತು ಹಳೆಯದನ್ನು ತಿಳಿಸಲಾರರು. ಅದು ಅವರಿಗೂ ತಿಳಿಯದು!

ಲೆಕ್ಕ ಮಾಡಿ ನೋಡಿ

ಸೆಕೆಂಡಿಗೆ ೧೦೦ ಕೋಟಿ ಪದಗಳನ್ನು ಬೀಸಿ ನೋಡಬಲ್ಲ ಯಂತ್ರವೊಂದು ಕಳ್ಳನ ಬಳಿ ಇದೆಯೆಂದು ಇಟ್ಟುಕೊಳ್ಳಿ. ೨೬ ಇಂಗ್ಲಿಷ್ ಅಕ್ಷರಗಳಿಂದ ೮ ಅಕ್ಷರಗಳ ಪದಗಳು ಸುಮಾರು ೨೦,೮೮೩ ಕೋಟಿ ಆಗುವುವು. ಅವೆಲ್ಲವನ್ನೂ ಪರೀಕ್ಷಿಸಲು ಮೂರೂವರೆ ನಿಮಿಷ ಸಾಕು. ಅಕ್ಷರಗಳು ೧೨ ಆದರೆ? ಶ್ರಮ ೪,೫೬,೯೭೬ ಪಟ್ಟು ಹೆಚ್ಚಿ, ಸುಮಾರು ೩ ವರ್ಷ ಹಿಡಿಯುವುದು. ಆದರೆ ಅಕ್ಷರಗಳು ಕ್ರಮವಿಲ್ಲದೆ ಆರಿಸಿದುವಾಗಿರಬೇಕು. ಊರಿನ ಹೆಸರನ್ನೋ ಹುಟ್ಟಿದ ದಿನವನ್ನೋ ಕಳ್ಳ ಮೊದಲೇ ಊಹಿಸುವನು.

ಚೀಟಿಯ ಉಪಾಯ

೧೯೮೩ರಲ್ಲಿ ಅದೇ ಮಸಾಚುಸೆಟ್ಸ್ ಸಂಸ್ಥೆ ಅಥೀನಾ ಎಂಬ ಯೋಜನೆಯನ್ನು ಆರಂಭಿಸಿ, ಆವರಣದಲ್ಲೆಲ್ಲ ಗಣಕಯಂತ್ರಗಳನ್ನಿಟ್ಟು ಜಾಲದಿಂದ ಜೋಡಿಸಿತು. ಆಗ ಹೊಸ ತೊಡಕು ಕಾಣಿಸಿತು. ಪ್ರತಿಯೊಂದು ಯಂತ್ರಕ್ಕೂ ಗುಪ್ತಪದವನ್ನು ಕಳುಹಿಸುತ್ತ ಹೋದರೆ ತಂತಿಯ ಮೇಲೆ ಕಿವಿಯಿಟ್ಟವನು ಅದನ್ನು ಕದಿಯಲಾರನೆ? ಇದಕ್ಕೆ ಅವರು ಕಂಡುಕೊಂಡ ಪರಿಹಾರದ ಹೆಸರು ಕರ್ಬೆರಾಸ್. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಇಲ್ಲಿ ನಂಬಿಕೆಯ ಕಾವಲುಗಾರ ಒಬ್ಬನೇ. ಅವನು ನಮ್ಮನ್ನು ಗುರುತಿಸಿ, ಕೆಲವು ಗಂಟೆಗಳ ಕಾಲ ಮಾತ್ರ ಸಲ್ಲುವ ಚೀಟಿಯನ್ನು ಕೊಡುವನು. ಉಳಿದ ಬಾಗಿಲುಗಳಲ್ಲಿ ಚೀಟಿಯನ್ನು ತೋರಿಸಿದರೆ ಸಾಕು. ಒಮ್ಮೆ ಗುಪ್ತಪದ ಕೊಟ್ಟು ದಿನವೆಲ್ಲ ಹಲವು ಸೇವೆಗಳನ್ನು ಪಡೆಯುವ ಇಂದಿನ ಕ್ರಮದಲ್ಲಿಯೂ ಈ ಚೀಟಿಯ ತತ್ತ್ವವೇ ಇದೆ.

ಈ ನಂಬಿಕೆ ದೇಶಗಳನ್ನೂ ದಾಟಿದೆ. ೨೦೦೨ರಲ್ಲಿ ನೆದರ್ಲೆಂಡಿನ ಕ್ಲಾಸ್ ವಿಯೆರೆಂಗಾ ಸೂಚಿಸಿದ ಎಡುರೋಮ್ ಎಂಬ ಏರ್ಪಾಡು ಇಂದು ಭಾರತವೂ ಸೇರಿ ನೂರಕ್ಕೆ ಮೇಲ್ಪಟ್ಟ ದೇಶಗಳಲ್ಲಿ ಉಂಟು. ಈ ಏರ್ಪಾಡಿಗೆ ಸೇರಿದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಅದಕ್ಕೆ ಸೇರಿದ ಬೇರೊಂದು ವಿದ್ಯಾಲಯಕ್ಕೆ ಹೋದಾಗ ಅಲ್ಲಿನ ನಿಸ್ತಂತು ಜಾಲ ಅವನ ಗುರುತನ್ನು ಅವನ ಮಾತೃಸಂಸ್ಥೆಗೆ ಕಳುಹಿಸಿ ಕೇಳುವುದು. ಗುಪ್ತಪದ ಮುಚ್ಚಿದ ಲಕೋಟೆಯಲ್ಲಿ ಹೋಗುವುದರಿಂದ ಅತಿಥೇಯರಿಗೆ ಅದು ಕಾಣದು.

ಪರೀಕ್ಷೆಯ ಹಿಂದಿನ ರಾತ್ರಿ

ಗುಪ್ತಪದವೊಂದೇ ಸಾಲದೆಂದು ಈಗ ಎರಡನೆಯ ಕಾವಲನ್ನೂ ಇಟ್ಟಿದ್ದಾರೆ. ಪದ ಕೊಟ್ಟ ಮೇಲೆ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿಗೆ ಪ್ರಶ್ನೆ ಬರುವುದು. ಅಲ್ಲಿ ಒಪ್ಪಿದರೆ ಮಾತ್ರ ಬಾಗಿಲು ತೆರೆಯುವುದು. ಇದರ ಜೊತೆಗೆ ಯಂತ್ರಗಳು ಸ್ಥಳವನ್ನೂ ಗಮನಿಸುವುದುಂಟು. ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ರಾತ್ರಿ ೧೦ ಗಂಟೆಯಾದಾಗ ಧಾರವಾಡದಲ್ಲಿ ಮರುದಿನ ಬೆಳಗಿನ ಎಂಟೂವರೆ. ಮಗಳು ಅಲ್ಲಿ ಪರೀಕ್ಷೆಗೆ ಓದುತ್ತಿರುವಾಗ, ತಂದೆ ಇಲ್ಲಿ ಕಾಫಿ ಮುಗಿಸಿ ಅವಳ ಖಾತೆಯನ್ನು ತೆರೆಯುವರೆಂದು ಭಾವಿಸೋಣ. ಅರ್ಧ ಗಂಟೆಯಲ್ಲಿ ಅರ್ಧ ಭೂಮಂಡಲವನ್ನು ಯಾರೂ ದಾಟಲಾರರು. ಆದುದರಿಂದ ಇದು ಕಳ್ಳನ ಕೆಲಸವೆಂದು ತೀರ್ಮಾನಿಸಿ ಯಂತ್ರ ಖಾತೆಯನ್ನೇ ಮುಚ್ಚಬಹುದು. ಮಗಳ ಟಿಪ್ಪಣಿಗಳೆಲ್ಲ ಬೀಗದ ಒಳಗೆ. ಸಹಾಯಕೇಂದ್ರ ತೆರೆಯುವುದು ಬೆಳಗ್ಗೆ. ಅಕ್ಕರೆಯಿಂದ ಮಾಡಿದ ಕೆಲಸವೇ ಅವಳಿಗೆ ಅಡ್ಡಿಯಾಯಿತು.

ಹೆತ್ತವರ ಬಾಗಿಲು

ಅಮೆರಿಕದಲ್ಲಿ ೧೯೭೪ರ ಕುಟುಂಬ ಶಿಕ್ಷಣ ಹಕ್ಕುಗಳ ಹಾಗೂ ಗೋಪ್ಯತೆಯ ಕಾಯಿದೆಯ ಪ್ರಕಾರ, ವಿದ್ಯಾರ್ಥಿಗೆ ೧೮ ವರ್ಷ ತುಂಬಿದಾಗ, ಅಥವಾ ಅದಕ್ಕೆ ಮೊದಲೇ ಕಾಲೇಜನ್ನು ಸೇರಿದಾಗ, ದಾಖಲೆಗಳ ಹಕ್ಕು ಹೆತ್ತವರಿಂದ ವಿದ್ಯಾರ್ಥಿಗೆ ವರ್ಗವಾಗುವುದು. ಆರೋಗ್ಯಕ್ಕೋ ಪ್ರಾಣಕ್ಕೋ ಅಪಾಯ ಒದಗಿದಾಗ ಹೆತ್ತವರಿಗೆ ತಿಳಿಸಲು ಕಾಯಿದೆ ಅಡ್ಡಬಾರದು. ಉಳಿದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು.

ಈ ಒಪ್ಪಿಗೆಗಾಗಿಯೇ ಅನೇಕ ವಿಶ್ವವಿದ್ಯಾನಿಲಯಗಳು ಹೆತ್ತವರಿಗೆ ಬೇರೆ ಖಾತೆಯನ್ನು ಏರ್ಪಡಿಸಿವೆ. ವಿದ್ಯಾರ್ಥಿ ತನ್ನ ಖಾತೆಯೊಳಗಿನಿಂದ ತಾಯಿತಂದೆಗಳನ್ನು ಆಹ್ವಾನಿಸಿ, ಶುಲ್ಕದ ಲೆಕ್ಕವನ್ನು ತೋರಿಸಬೇಕೆ, ಅಂಕಗಳನ್ನೂ ತೋರಿಸಬೇಕೆ ಎಂದು ಗುರುತುಮಾಡುವನು. ಹೆತ್ತವರು ತಮ್ಮದೇ ಗುಪ್ತಪದದಿಂದ ಅಷ್ಟನ್ನು ಮಾತ್ರ ನೋಡುವರು, ಹಣ ಕಟ್ಟುವರು. ಬೇಡವಾದಾಗ ವಿದ್ಯಾರ್ಥಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು.

ವಿದ್ಯಾರ್ಥಿಮಿತ್ರರೆ, ನೀವು ಮುಂದೆ ಎಲ್ಲಿಗೇ ಓದಲು ಹೋಗಲಿ, ಹೊರಡುವ ಮುನ್ನ ಒಂದು ಸಂಜೆ ಹೆತ್ತವರೊಡನೆ ಕುಳಿತು ಮೂರು ಕೆಲಸಗಳನ್ನು ಮುಗಿಸಿರಿ. ಅಂಥ ಖಾತೆ ಇದೆಯೇ ಎಂದು ನೋಡಿ ಅವರನ್ನು ಸೇರಿಸಿರಿ. ತುರ್ತಿನಲ್ಲಿ ಕರೆಯಬೇಕಾದವರ ಹೆಸರನ್ನೂ ಸಂಖ್ಯೆಯನ್ನೂ ವಿಶ್ವವಿದ್ಯಾನಿಲಯಕ್ಕೆ ಕೊಡಿರಿ. ಎರಡನೆಯ ಕಾವಲಿನ ಫೋನು ಕಳೆದರೆ ಬಳಸಬೇಕಾದ ಬದಲಿ ಅಂಕೆಗಳನ್ನು ಬರೆದು ಭದ್ರವಾಗಿ ಇಟ್ಟುಕೊಳ್ಳಿರಿ. ಯಾವುದನ್ನು ತೋರಿಸುವಿರಿ, ಯಾವುದನ್ನು ತೋರಿಸಲಾರಿರಿ ಎಂಬುದನ್ನು ಆಗಲೇ ಬಾಯಿಬಿಟ್ಟು ಹೇಳಿರಿ. ಆ ಮಾತು ಮೊದಲಿಗೆ ಕಷ್ಟವೆನಿಸಬಹುದು. ಆದರೆ ಸಾಸಿವೆ ಡಬ್ಬಿಯ ಕೀಲಿಕೈ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಮಾಡಬೇಕಾದುದು ಆ ಮಾತೇ.