ಲಂಡನ್ನಿನಲ್ಲಿ ಸೋನಿಕ್ ಯಾಕೆ ನಿಧಾನ?

ಇವತ್ತಿನ ಸಂಚಿಕೆಗೆ ನಾವು ಒಂದು ವಿಡಿಯೋ ಗೇಮ್ ಎತ್ತಿಕೊಂಡಿದ್ದೀವಿ. ಜೀನು, ಕೋಶ ಅಂತ ಕೇಳೋಕೆ ಬಂದವರು ಎದ್ದು ಹೋಗಬೇಡಿ, ನೊಣ ಆಮೇಲೆ ಬರುತ್ತೆ.

1991ರಲ್ಲಿ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಯಂತ್ರಕ್ಕೆ ‘ಸೋನಿಕ್ ದಿ ಹೆಡ್ಜ್‌ಹಾಗ್’ ತಂದಿತು. (ಹೆಡ್ಜ್‌ಹಾಗ್ ಅಂದ್ರೆ ನಮ್ಮ ಕಾಡಿನ ಮುಳ್ಳುಹಂದಿ ಅಲ್ಲ, ಅದು ಸೊಂಡಿಲಿಗೆ ಹತ್ತಿರದ ಪ್ರಾಣಿ. ಈ ಆಟದ ಹೆಸರನ್ನೇ ಹೊತ್ತ ಒಂದು ಜೀನು ಗರ್ಭದಲ್ಲಿ ನಮ್ಮ ಕೈಬೆರಳುಗಳ ಕ್ರಮವನ್ನೂ ನಿರ್ಧರಿಸಿದೆ.) ಈ ಆಟಕ್ಕೆ ಅವತಾರಗಳು ಹಲವು. ಜಪಾನಿನ ಆವೃತ್ತಿಯಲ್ಲಿ ಹಿನ್ನೆಲೆಯ ಮೋಡಗಳು ತಾವಾಗಿಯೇ ತೇಲುತ್ತವೆ. ಮಾಸ್ಟರ್ ಸಿಸ್ಟಮ್ ಅನ್ನೋ ಹಳೆಯ ಯಂತ್ರಕ್ಕೆ ಬೇರೆಯದೇ ಆಟ ಬಂತು. 2013ರಲ್ಲಿ ಮೊಬೈಲಿಗಾಗಿ ಪೂರ್ತಿ ಹೊಸದಾಗಿ ಕಟ್ಟಿದರು. ಆದರೆ ನಮಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು, ಯಾರೂ ಬೇಕೂಂತ ಮಾಡದ ಒಂದು ಆವೃತ್ತಿ. ಅದೇ ಲಂಡನ್ನಿನ ಮಕ್ಕಳು ಆಡಿದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಮಹಾಯುದ್ಧದ ಹೊತ್ತಿಗೆ ಗ್ರೇಟರ್ ಲಂಡನ್ ಒಂದರಲ್ಲೇ 10 ಬೇರೆ ಬೇರೆ ಫ್ರೀಕ್ವೆನ್ಸಿಯ ಕರೆಂಟ್ ಹರೀತಿತ್ತು. 1926ರ ಕಾನೂನಿನಿಂದ ರಾಷ್ಟ್ರೀಯ ಗ್ರಿಡ್ ಶುರುವಾಗಿ, 50 ಹರ್ಟ್ಸ್ ನೆಲೆಯಾಯಿತು. 1936ರ ನವೆಂಬರಿನಲ್ಲಿ ಉತ್ತರ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ ಬಿಬಿಸಿ ಟೀವಿ ಪ್ರಸಾರ ಆರಂಭಿಸಿದಾಗ, ಉಳಿದುಕೊಂಡ ಪದ್ಧತಿ ಪರದೆಯನ್ನು ಸೆಕೆಂಡಿಗೆ 50 ಸಲ ಗುಡಿಸುವಂಥದ್ದು. ಕರೆಂಟಿನ ತಾಳಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಪಟ್ಟೆಗಳು ಉರುಳೋವು. ಅಮೆರಿಕದ ಕರೆಂಟ್ 60 ಹರ್ಟ್ಸ್, ಅಲ್ಲಿನ ಟೀವಿಯೂ 60. ನಮ್ಮ ದೂರದರ್ಶನದ್ದೂ 50ರ ಬಳಗವೇ.

ಈಗ ಆಟಕ್ಕೆ ಬರೋಣ. ಸೋನಿಕ್ ಗೇಮಿಗೆ ಸೆಕೆಂಡ್ ಗೊತ್ತಿಲ್ಲ, ಫ್ರೇಮ್ ಮಾತ್ರ ಗೊತ್ತು. ಟೀವಿ ಒಂದು ಸಲ ಪರದೆ ಗುಡಿಸಿದರೆ ಆಟ ಒಂದು ಹೆಜ್ಜೆ ಮುಂದೆ. ಸೋನಿಕ್ ಸಮತಟ್ಟಾದ ನೆಲದಲ್ಲಿ ಓಡಿದರೆ ಫ್ರೇಮಿಗೆ 6 ಪಿಕ್ಸೆಲ್. ನ್ಯೂಯಾರ್ಕಿನಲ್ಲಿ ಅದು ಸೆಕೆಂಡಿಗೆ 360 ಪಿಕ್ಸೆಲ್, ಲಂಡನ್ನಿನಲ್ಲಿ 300. ಜಿಗಿತ ಶುರುವಾಗೋದು ಫ್ರೇಮಿಗೆ 6.5 ಪಿಕ್ಸೆಲ್ ವೇಗದಲ್ಲಿ, ಗುರುತ್ವ ಅದನ್ನು ಪ್ರತಿ ಫ್ರೇಮಿಗೂ ಸುಮಾರು 0.22ರಷ್ಟು ತಗ್ಗಿಸುತ್ತೆ. ಹೈಸ್ಕೂಲಿನ ಸೂತ್ರ ಹಾಕಿ ನೋಡಿ: ನೆಲ ಬಿಟ್ಟು ನೆಲ ಮುಟ್ಟೋಕೆ 60 ಫ್ರೇಮಿನ ಹತ್ತಿರ. ಅಲ್ಲಿ ಒಂದು ಸೆಕೆಂಡ್, ಇಲ್ಲಿ 1.2 ಸೆಕೆಂಡ್. ಎತ್ತರ ಮಾತ್ರ ಎರಡೂ ಕಡೆ ಒಂದೇ! ಯಾಕಂದ್ರೆ ವೇಗ, ಗುರುತ್ವ ಎರಡನ್ನೂ ಫ್ರೇಮಿನಲ್ಲೇ ಅಳೆದಿದ್ದಾರೆ. ಆಟದೊಳಗಿನ ಗಡಿಯಾರವೂ 60 ಫ್ರೇಮಿಗೆ ಒಂದು ಸೆಕೆಂಡ್ ಎಣಿಸುತ್ತೆ, ಹಾಗಾಗಿ ಒಳಗಿದ್ದವರಿಗೆ ನಿಧಾನ ಗೊತ್ತಾಗೋದೇ ಇಲ್ಲ. ಮಸಾಟೊ ನಕಾಮುರಾ ಅವರ ಸಂಗೀತದ ಶ್ರುತಿ ಹೆಚ್ಚುಕಮ್ಮಿ ಹಾಗೇ ಉಳಿದು, ಲಯ ಮಾತ್ರ ವಿಳಂಬವಾಯಿತು.

ಇಲ್ಲಿ ನಮಗೆ ಪ್ರಯೋಗಾಲಯದ ಹಣ್ಣಿನ ನೊಣ ನೆನಪಾಗುತ್ತೆ. 25 ಡಿಗ್ರಿಯಲ್ಲಿ ಮೊಟ್ಟೆ ನೊಣವಾಗೋಕೆ ಸುಮಾರು 10 ದಿನ; 18 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಹಂತಗಳು ಅವೇ, ಕ್ರಮವೂ ಅದೇ, ತಾಳ ಮಾತ್ರ ನಿಧಾನ. ಆದರೆ ಹಗಲು-ರಾತ್ರಿ ಎಣಿಸುವ ಅದರ ದೈನಿಕ ಗಡಿಯಾರ ಚಳಿಗೆ ಅಷ್ಟಾಗಿ ಬಗ್ಗಲ್ಲ ಅಂತ 1954ರಲ್ಲೇ ಕಾಲಿನ್ ಪಿಟೆಂಡ್ರಿಗ್ ತೋರಿಸಿದ್ದರು. 1992ರ ಸೋನಿಕ್ 2 ಮಾಡಿದ್ದೂ ಹೀಗೇ: 50 ಹರ್ಟ್ಸ್ ಯಂತ್ರದಲ್ಲಿ ಸಂಗೀತದ ಪ್ರೋಗ್ರಾಮ್ ಆಗಾಗ ಒಂದೇ ಫ್ರೇಮಿನಲ್ಲಿ ಎರಡು ಹೆಜ್ಜೆ ಇಟ್ಟು ಲಯ ಸರಿದೂಗಿಸುತ್ತೆ. ಓಟ ಮಾತ್ರ ನಿಧಾನವೇ.

ಆದರೆ ಆಡುವವರ ನರಗಳಿಗೆ ಈ ಟೀವಿ ಲೆಕ್ಕ ಅನ್ವಯಿಸಲ್ಲ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸೋ ವೇಗ ಹ್ಯಾರೋದ ಹುಡುಗಿಗೂ ಟೋಕಿಯೋದ ಹುಡುಗನಿಗೂ ಒಂದೇ ಥರ. ಅಂದ್ರೆ ಇಲ್ಲಿನವರಿಗೆ ಪ್ರತಿ ಅಪಾಯಕ್ಕೂ ಐದರಲ್ಲೊಂದು ಪಾಲು ಹೆಚ್ಚು ಸಮಯ ಸಿಕ್ಕಿತ್ತು. ಆಟ ಸ್ವಲ್ಪ ಸುಲಭವೂ ಆಗಿತ್ತು, ಪರದೆಯ ಮೇಲೆ-ಕೆಳಗೆ ಕಪ್ಪು ಪಟ್ಟಿ ಬಿದ್ದು ಸೋನಿಕ್ ಕುಳ್ಳಗೂ ಕಾಣುತ್ತಿದ್ದ.

ಇತ್ತೀಚಿನ ಮರುಬಿಡುಗಡೆಗಳು 60ರಲ್ಲಿ ಓಡುತ್ತವೆ. ತಯಾರಕರ ಉದ್ದೇಶಕ್ಕೆ ಅದು ಹತ್ತಿರ, ನಿಜ. ಆದರೆ ಒಂದು ಊರಿನ ಮಕ್ಕಳು ಏನು ಆಡಿದರು ಅನ್ನೋದು ಮ್ಯೂಸಿಯಮ್ಮಿನ ಪ್ರಶ್ನೆಯಾದರೆ, 50ರ ಆವೃತ್ತಿಯನ್ನು ‘ತಪ್ಪು’ ಅಂತ ತಿದ್ದಿ ಎಸೆಯೋದು ನಮಗೆ ಒಪ್ಪಿಗೆಯಿಲ್ಲ. ಎರಡನ್ನೂ ಹಳೆಯ ಟೀವಿ ಸಮೇತ ಇಡಬೇಕು.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಮೆಗಾ ಡ್ರೈವ್ ಇದ್ದರೆ ಹೀಗೆ ಮಾಡಿ. ಸೋನಿಕ್ಕನನ್ನು ಸುಮ್ಮನೆ ನಿಲ್ಲಿಸಿ, ಆಟದ ಗಡಿಯಾರ ಒಂದು ನಿಮಿಷ ದಾಟೋವರೆಗೆ ಫೋನಿನ ಸ್ಟಾಪ್‌ವಾಚ್ ಒತ್ತಿಟ್ಟುಕೊಳ್ಳಿ. 72 ಸೆಕೆಂಡ್ ತೋರಿಸಿದರೆ ನಿಮ್ಮದು ಲಂಡನ್ ತಳಿ.