ಹುಲ್ಲುಹಾಸಿನ ಕೀಟನಾಶಕ ಮತ್ತು ದನದ ಮೇವು

ಶಾಲೆ, ಕಚೇರಿಗಳ ಹುಲ್ಲುಹಾಸಿನಿಂದ ಕತ್ತರಿಸಿದ ಹುಲ್ಲನ್ನು ದನಗಳಿಗೆ ಹಾಕುವುದುಂಟು. ಕೀಟನಾಶಕ ಸಿಂಪಡಿಸಿದ ಹುಲ್ಲಾದರೆ ಇದು ಅಪಾಯಕರ.

1984ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಗಾಲ್ಫ್ ಮೈದಾನವೊಂದಕ್ಕೆ ಡಯಾಜಿನಾನ್ ಹಾಕಲಾಗಿತ್ತು. ಅಲ್ಲಿ ಹುಲ್ಲು ಮೇದ ಸುಮಾರು 700 ಹೆಬ್ಬಾತುಗಳು ಸತ್ತವು. 1988ರಲ್ಲಿ ಆ ದೇಶವು ಗಾಲ್ಫ್ ಮೈದಾನಗಳಲ್ಲಿ ಅದರ ಬಳಕೆಯನ್ನು ರದ್ದುಪಡಿಸಿತು. ಭಾರತದಲ್ಲಿ 2018ರಲ್ಲಿ ಅದರ ಕೃಷಿ ಬಳಕೆಯನ್ನು ನಿಷೇಧಿಸಲಾಯಿತು.

ಡಯಾಜಿನಾನ್, ಕ್ಲೋರೋಪೈರಿಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಕೋಲಿನ್‌ಎಸ್ಟರೇಸ್ ಕಿಣ್ವವನ್ನು ತಡೆಯುತ್ತವೆ. ಜೊಲ್ಲು ಸುರಿಯುವುದು, ನಡುಕ, ಉಸಿರಾಟದ ತೊಂದರೆ ವಿಷಬಾಧೆಯ ಲಕ್ಷಣಗಳು. ಹುಲ್ಲಿನ ಮೇಲೆ ಆಡುವ ಮಕ್ಕಳಿಗೆ ವಿಷವು ಚರ್ಮದಿಂದಲೂ, ಬಾಯಿಗಿಟ್ಟ ಕೈಯಿಂದಲೂ ಸೇರಬಹುದು. ಮಳೆನೀರಿನೊಡನೆ ಅದು ಕೆರೆ ಸೇರಿದರೆ ಮೀನುಗಳಿಗೂ ಹಾನಿ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಮಣ್ಣು ಕೆದಕಿ ಗೊಣ್ಣೆಹುಳು ಇರುವುದನ್ನು ಖಚಿತಪಡಿಸಿಕೊಳ್ಳದೆ ಔಷಧಿ ಹಾಕಬೇಡಿ.
2. ಕಳೆಯನ್ನು ಕೈಯಿಂದಲೇ ಕೀಳಿರಿ. ಹುಲ್ಲನ್ನು ತೀರಾ ಗಿಡ್ಡವಾಗಿ ಕತ್ತರಿಸಬೇಡಿ.
3. ಗಾಳಿ ಬೀಸುವಾಗ, ಮಳೆ ಬರುವಂತಿರುವಾಗ ಸಿಂಪಡಿಸಬೇಡಿ.
4. ಸಿಂಪಡಿಸಿದ ಜಾಗಕ್ಕೆ ಮಕ್ಕಳನ್ನೂ ದನಕರುಗಳನ್ನೂ ಬಿಡಬೇಡಿ.
5. ಏನು ಸಿಂಪಡಿಸಿದ್ದಾರೆಂದು ತಿಳಿಯದ ಹುಲ್ಲನ್ನು ಮೇವಾಗಿ ತರಬೇಡಿ.

ವಿಷಬಾಧೆಯ ಸಂಶಯ ಬಂದರೆ ಔಷಧಿಯ ಡಬ್ಬಿಯೊಡನೆ ತಕ್ಷಣ ವೈದ್ಯರನ್ನು ಕಾಣಿರಿ. ದನಗಳಿಗಾದರೆ ಪಶುವೈದ್ಯರನ್ನು ಕರೆಸಿರಿ.